ಶಯನಬೋಗಿಯ ಸೇವಕರು

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ದೂರದ ಊರಿಗೆ ಹೊರಟ ಅನುಕೂಲಸ್ಥರು ರೈಲಿನ ಪುಲ್‌ಮನ್ ಬೋಗಿಯಲ್ಲಿ ಪ್ರಯಾಣ ಮಾಡುತ್ತಿದ್ದರು. ಹಗಲು ಕುಳಿತುಕೊಳ್ಳುವ ಆಸನಗಳೇ ರಾತ್ರಿಯಾದೊಡನೆ ಮೆತ್ತನೆಯ ಹಾಸಿಗೆಗಳಾಗುತ್ತಿದ್ದವು. ಗಂಟೆಯ ಗುಂಡಿಯನ್ನು ಒತ್ತಿದರೆ ಸಮವಸ್ತ್ರ ಧರಿಸಿದ ಕಪ್ಪು ಮನುಷ್ಯನೊಬ್ಬನು ಬಂದು ನಿಲ್ಲುತ್ತಿದ್ದನು. ಸಾಮಾನು ಎತ್ತಿಡುವುದು, ಹಾಸಿಗೆ ಹಾಸುವುದು, ಕೋಟಿನ ಧೂಳು ಕೊಡಹುವುದು, ಅಳುವ ಮಗುವನ್ನು ಸಮಾಧಾನಪಡಿಸುವುದು, ಇಳಿಯುವ ಊರು ಬರುವುದಕ್ಕೆ ಮುಂಚೆ ಪ್ರಯಾಣಿಕರನ್ನು ಎಬ್ಬಿಸುವುದು, ಎಲ್ಲರೂ ಮಲಗಿದ ಮೇಲೆ ಅವರ ಬೂಟುಗಳಿಗೆ ಪಾಲಿಷ್ ಹಾಕಿಡುವುದು, ಇವೆಲ್ಲವೂ ಅವನ ಕೆಲಸ. ಪೋರ್ಟರ್ ಎಂಬುದು ಅವನ ಹುದ್ದೆ. ನಮ್ಮ ರೈಲು ನಿಲ್ದಾಣಗಳಲ್ಲಿ ಹೊರೆ ಹೊರುವ ಪೋರ್ಟರಿಗೂ ಇವನಿಗೂ ಹೆಸರೊಂದೇ ಹೊರತು ಕೆಲಸ ಬೇರೆ. ಇವನು ಬೋಗಿಯ ಜೊತೆಯಲ್ಲಿಯೇ ಸಾವಿರಾರು ಮೈಲಿ ಸಾಗುವ ಸೇವಕ. ಅವನ ಸ್ವಂತ ಹೆಸರೇನು? ಅದನ್ನು ಕೇಳುವವರು ವಿರಳ. ಪ್ರಯಾಣಿಕರು ಪೋರ್ಟರುಗಳೆಲ್ಲರನ್ನೂ ‘ಜಾರ್ಜ್’ ಎಂದೇ ಕರೆಯುತ್ತಿದ್ದರು.

ಕಂಪೆನಿಯನ್ನು 1867ರಲ್ಲಿ ಸ್ಥಾಪಿಸಿದವನು ಜಾರ್ಜ್ ಪುಲ್‌ಮನ್. ಗುಲಾಮಗಿರಿ ಇದ್ದ ಕಾಲದಲ್ಲಿ ಗುಲಾಮನನ್ನು ಅವನ ಯಜಮಾನನ ಹೆಸರಿನಿಂದ ಗುರುತಿಸುವ ವಾಡಿಕೆ ಇದ್ದಿತು. 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಅಳಿದರೂ ಆ ವಾಡಿಕೆ ರೈಲು ಹತ್ತಿ ಬಂದಿತು. ಇದರಿಂದ ಬೇಸರಗೊಂಡವರೂ ಉಂಟು. ಆದರೆ ಅವರ ಬೇಸರಕ್ಕೆ ಕಾರಣ ಬೇರೆ. ಜಾರ್ಜ್ ಎಂಬ ನಿಜನಾಮದ ಬಿಳಿಯರು ಕೆಲವರು, ಪೋರ್ಟರುಗಳನ್ನು ತಮ್ಮ ಹೆಸರಿನಿಂದ ಕರೆಯುವುದನ್ನು ತಡೆಯಲೆಂದು ಅರ್ಧ ತಮಾಷೆಗಾಗಿ ಒಂದು ಸಂಘವನ್ನೇ ಕಟ್ಟಿದರು! ಹೆಸರು ಕಳೆದುಕೊಂಡವರ ನೋವು ಆ ಸಂಘಕ್ಕೆ ಕಾಣಿಸಲಿಲ್ಲ.

ಪುಲ್‌ಮನ್ ತನ್ನ ಬೋಗಿಗಳಿಗೆ ಕಪ್ಪುಜನರನ್ನೇ ಆರಿಸಿಕೊಂಡದ್ದು ದಯೆಯಿಂದಲ್ಲ. ಆಗತಾನೆ ಬಿಡುಗಡೆ ಹೊಂದಿದ್ದ ಗುಲಾಮರು ಕಡಮೆ ಸಂಬಳಕ್ಕೆ ದೊರೆಯುತ್ತಿದ್ದರು. ತಲೆತಗ್ಗಿಸಿ ಸೇವೆ ಮಾಡುವುದು ಅವರಿಗೆ ಬಲವಂತದ ಅಭ್ಯಾಸವಾಗಿದ್ದಿತು. ಕಾಲಕ್ರಮದಲ್ಲಿ ಅವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. ಅಮೆರಿಕದಲ್ಲಿ ಅಷ್ಟೊಂದು ಕಪ್ಪುಜನರಿಗೆ ಕೆಲಸ ಕೊಟ್ಟ ಖಾಸಗಿ ಕಂಪೆನಿ ಮತ್ತೊಂದಿರಲಿಲ್ಲ. ಗುಲಾಮರ ವಿಮೋಚಕನೆಂದು ಪ್ರಸಿದ್ಧನಾದ ಅಬ್ರಹಾಂ ಲಿಂಕನ್ನನ ಮಗ ರಾಬರ್ಟ್ ಲಿಂಕನ್ 1897ರಿಂದ 1911ರವರೆಗೆ ಈ ಕಂಪೆನಿಯ ಅಧ್ಯಕ್ಷನಾಗಿದ್ದನೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು.

ಪೋರ್ಟರನ ಬಾಳನ್ನು ಹೊರಗಿನಿಂದ ನೋಡಿದವರಿಗೆ ಅದು ಸುಖದ ಬಾಳೆಂದೇ ತೋರುತ್ತಿದ್ದಿತು. ಹತ್ತಿಯ ಹೊಲದಲ್ಲಿ ಬಿಸಿಲಿಗೆ ಬೆನ್ನೊಡ್ಡುವವರ ಮಧ್ಯೆ ಅವನು ಇಸ್ತ್ರಿ ಮಾಡಿದ ಉಡುಪು ಧರಿಸಿ ದೇಶವನ್ನೆಲ್ಲ ಸುತ್ತುವವನು. ದೊಡ್ಡವರ ನಡೆನುಡಿಗಳನ್ನು ಕಂಡವನು. ಪ್ರಯಾಣಿಕರು ಓದಿ ಬಿಸುಟ ಪತ್ರಿಕೆಗಳನ್ನು ಮನೆಗೆ ತಂದು ಮಕ್ಕಳಿಗೆ ಓದಿಸಿದವನು. ‘ಷಿಕಾಗೋ ಡಿಫೆಂಡರ್’ ಎಂಬ ಕಪ್ಪುಜನರ ಪತ್ರಿಕೆಯನ್ನು ದಕ್ಷಿಣದ ರಾಜ್ಯಗಳ ಸಣ್ಣ ಸಣ್ಣ ಊರುಗಳಿಗೆ ತಲುಪಿಸಿದವರು ಈ ಪೋರ್ಟರುಗಳೇ. ಉತ್ತರದ ನಗರಗಳಲ್ಲಿ ಕೆಲಸವಿದೆ, ಕೊಂಚ ನೆಮ್ಮದಿಯೂ ಇದೆ ಎಂಬ ಸುದ್ದಿ ಆ ಪತ್ರಿಕೆಯಿಂದ ಹಬ್ಬಿ ಲಕ್ಷಾಂತರ ಜನರು ಊರು ಬಿಟ್ಟು ಹೊರಟರು.

ಆದರೆ ಆ ಉಡುಪಿನ ಒಳಗಿದ್ದ ಲೆಕ್ಕಾಚಾರವೇ ಬೇರೆ. ತಿಂಗಳಿಗೆ 400 ಗಂಟೆ ದುಡಿಯಬೇಕು, ಇಲ್ಲವೆ 11,000 ಮೈಲಿ ಪ್ರಯಾಣವಾಗಬೇಕು. ಆಗ ಮಾತ್ರ ಪೂರ್ತಿ ಸಂಬಳ. ಆ ಸಂಬಳವು 1926ರಲ್ಲಿ 67 ಡಾಲರು 50 ಸೆಂಟುಗಳಿಂದ ಆರಂಭವಾಗುತ್ತಿದ್ದಿತು. ಸಮವಸ್ತ್ರ, ಊಟ, ಬೂಟಿನ ಪಾಲಿಷ್ ಎಲ್ಲವೂ ಅದರಲ್ಲಿಯೇ. ಗಾಡಿ ಹೊರಡುವುದಕ್ಕೆ ಗಂಟೆಗಟ್ಟಲೆ ಮೊದಲೇ ಬಂದು ಬೋಗಿಯನ್ನು ಸಿದ್ಧಪಡಿಸಬೇಕು. ಆ ಹೊತ್ತಿಗೆ ಕೂಲಿ ಇಲ್ಲ. ರಾತ್ರಿ ಮೂರು ಗಂಟೆ ನಿದ್ದೆ ದೊರೆತರೆ ಪುಣ್ಯ. ಅದೂ ಧೂಮಪಾನದ ಕೋಣೆಯ ಬೆಂಚಿನ ಮೇಲೆ. ಉಳಿದ ಕೊರತೆಯನ್ನು ತುಂಬುತ್ತಿದ್ದುದು ಪ್ರಯಾಣಿಕರ ಭಕ್ಷೀಸು. ಭಕ್ಷೀಸು ಬೇಕೆಂದರೆ ನಗಬೇಕು, ಬೈದರೂ ನಗಬೇಕು, ‘ಜಾರ್ಜ್’ ಎಂದು ಕರೆದರೂ ಓಡಿಬರಬೇಕು. ಕಂಪೆನಿ ಕೊಡಬೇಕಾದ ಕೂಲಿಯನ್ನು ಪ್ರಯಾಣಿಕನ ಜೇಬಿನಿಂದ ಬರುವಂತೆ ಮಾಡಿ, ಅದಕ್ಕೆ ಬೆಲೆಯಾಗಿ ಸೇವಕನ ಮಾನವನ್ನು ಕೇಳುವ ಏರ್ಪಾಡು ಅದು.

ಇಂಥ ಅನ್ಯಾಯಕ್ಕೆ ಮದ್ದೆಂದರೆ ಕಾರ್ಮಿಕ ಸಂಘ. ಆದರೆ ಅಮೆರಿಕದ ಕಾರ್ಮಿಕ ಸಂಘಗಳ ಬಾಗಿಲುಗಳು ಕಪ್ಪುಜನರಿಗೆ ಬಹುಮಟ್ಟಿಗೆ ಮುಚ್ಚಿದ್ದವು. 1865ರಲ್ಲಿಯೇ ಬಾಲ್ಟಿಮೋರ್ ಬಂದರಿನ ಬಿಳಿಯ ಕೆಲಸಗಾರರು ಮುಷ್ಕರ ಹೂಡಿ, ಹಡಗಿನ ಹಲಗೆಗಳ ಸಂದು ತುಂಬುವ ಕೆಲಸದಲ್ಲಿದ್ದ ಕಪ್ಪುಜನರನ್ನು ಹೊರದೂಡಿದ್ದರು. ಹೀಗೆ ಹೊರಬಿದ್ದವರಲ್ಲಿ ಐಸಾಕ್ ಮೈಯರ್ಸ್ ಒಬ್ಬನು. ಅವನೂ ಅವನ ಸಂಗಡಿಗರೂ ಹಣ ಕೂಡಿಸಿ ತಮ್ಮದೇ ಆದ ಹಡಗುಕಟ್ಟೆಯೊಂದನ್ನು ಸ್ಥಾಪಿಸಿದರು. 1869ರಲ್ಲಿ ವಾಷಿಂಗ್‌ಟನ್ನಿನಲ್ಲಿ ಸೇರಿ ಕಪ್ಪು ಕಾರ್ಮಿಕರ ರಾಷ್ಟ್ರೀಯ ಸಂಘವನ್ನೂ ಕಟ್ಟಿದರು. ಆ ಸಂಘ ಹೆಚ್ಚು ಕಾಲ ಬಾಳಲಿಲ್ಲ. 1894ರಲ್ಲಿ ಪುಲ್‌ಮನ್ ಕಂಪೆನಿಯ ವಿರುದ್ಧವೇ ಬಿಳಿಯ ಕಾರ್ಮಿಕರು ಇತಿಹಾಸಪ್ರಸಿದ್ಧ ಮುಷ್ಕರವನ್ನು ಹೂಡಿದರು. ಅದಕ್ಕೆ ಬೆಂಬಲವಾಗಿ ನಿಂತ ರೈಲು ಕಾರ್ಮಿಕರ ಸಂಘದಲ್ಲಿ ಕಪ್ಪುಜನರನ್ನು ಸೇರಿಸಿಕೊಳ್ಳಬೇಕೆಂದು ನಾಯಕನಾದ ಯೂಜಿನ್ ಡೆಬ್ಸ್ ವಾದಿಸಿದನು. ಮತ ಹಾಕಿದಾಗ 100 ಮಂದಿ ಬೇಕೆಂದರು, 112 ಮಂದಿ ಬೇಡವೆಂದರು. ಸೈನ್ಯ ಬಂದಿತು, ಮುಷ್ಕರ ಮುರಿಯಿತು. ಪಕ್ಕದ ಬೋಗಿಯಲ್ಲಿಯೇ ಇದ್ದ ಸಾವಿರಾರು ಪೋರ್ಟರುಗಳ ಬಲವನ್ನು ಬಿಳಿಯ ಕಾರ್ಮಿಕರು ತಾವಾಗಿ ದೂರ ಮಾಡಿಕೊಂಡಿದ್ದರು. ಸಂಘಕ್ಕೆ ಸೇರಿಸಿಕೊಳ್ಳದ ಕಪ್ಪುಜನರನ್ನು ಮಾಲೀಕರು ಮುಷ್ಕರ ಮುರಿಯಲು ಕರೆತರುತ್ತಿದ್ದರು. ಹಾಗೆ ಬಂದರೆಂಬ ಕಾರಣದಿಂದಲೇ ಸಂಘಗಳು ಅವರನ್ನು ಮತ್ತಷ್ಟು ದ್ವೇಷಿಸುತ್ತಿದ್ದವು. ಈ ವಿಷವರ್ತುಲದಿಂದ ಲಾಭ ಪಡೆದವರು ಮಾಲೀಕರೊಬ್ಬರೇ.

ಪೋರ್ಟರುಗಳು ತಮ್ಮದೇ ಸಂಘ ಕಟ್ಟಲು ಹಲವು ಸಲ ಯತ್ನಿಸಿದರು. ಮುಂದಾಳಾದವನನ್ನು ಕಂಪೆನಿ ಕೆಲಸದಿಂದ ತೆಗೆದುಹಾಕುತ್ತಿದ್ದಿತು. ಸಂಘ ಅಲ್ಲಿಗೇ ಮುಗಿಯುತ್ತಿದ್ದಿತು. 1925ರಲ್ಲಿ ಆಷ್‌ಲಿ ಟಾಟನ್ ಎಂಬ ಪೋರ್ಟರನೂ ಅವನ ಗೆಳೆಯರೂ ಒಂದು ಉಪಾಯವನ್ನು ಯೋಚಿಸಿದರು. ಪೋರ್ಟರನಲ್ಲದವನನ್ನೇ ನಾಯಕನನ್ನಾಗಿ ಮಾಡಿಕೊಂಡರೆ ಕಂಪೆನಿ ಅವನನ್ನು ಯಾವ ಕೆಲಸದಿಂದ ವಜಾ ಮಾಡೀತು? ಅವರು ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದಲ್ಲಿದ್ದ ಏಸಾ ಫಿಲಿಪ್ ರಾಂಡಾಲ್ಫ್ ಅವರ ಮನೆಯ ಬಾಗಿಲು ತಟ್ಟಿದರು.

ರಾಂಡಾಲ್ಫ್ ಹುಟ್ಟಿದ್ದು 1889ರ ಏಪ್ರಿಲ್ 15ರಂದು, ಫ್ಲೋರಿಡಾ ರಾಜ್ಯದ ಕ್ರೆಸೆಂಟ್ ಸಿಟಿಯಲ್ಲಿ. ತಂದೆ ಚರ್ಚಿನ ಬೋಧಕರು. ಬೋಧನೆಯಿಂದ ಹೊಟ್ಟೆ ತುಂಬದೆ ದರ್ಜಿಯ ಕೆಲಸವನ್ನೂ ಮಾಡುತ್ತಿದ್ದರು. ತಾಯಿಯೂ ಹೊಲಿಗೆ ಬಲ್ಲವರು. ಫಿಲಿಪ್ ಚಿಕ್ಕವರಾಗಿದ್ದಾಗ ಒಂದು ರಾತ್ರಿ, ಊರಿನ ಸೆರೆಮನೆಯಲ್ಲಿದ್ದ ಕಪ್ಪು ಮನುಷ್ಯನೊಬ್ಬನನ್ನು ಬಿಳಿಯರ ಗುಂಪು ಎಳೆದೊಯ್ದು ಕೊಲ್ಲಲಿದೆಯೆಂಬ ಸುದ್ದಿ ಬಂದಿತು. ತಂದೆ ಕೋಟಿನ ಒಳಗೆ ಪಿಸ್ತೂಲನ್ನು ಇಟ್ಟುಕೊಂಡು ಜೊತೆಗಾರರೊಡನೆ ಸೆರೆಮನೆಯ ಕಾವಲಿಗೆ ಹೊರಟರು. ತಾಯಿ ತೊಡೆಯ ಮೇಲೆ ಬಂದೂಕನ್ನಿಟ್ಟುಕೊಂಡು ಮನೆಯಲ್ಲಿ ಎಚ್ಚರವಾಗಿ ಕುಳಿತರು. ಆ ರಾತ್ರಿ ಕೊಲೆ ನಡೆಯಲಿಲ್ಲ. ಕೂಡಿ ನಿಂತವರನ್ನು ಗುಂಪು ಮುಟ್ಟಲಾರದೆಂಬುದನ್ನು ಹುಡುಗ ಕಣ್ಣಾರೆ ಕಂಡನು.

ಕುಕ್‌ಮನ್ ವಿದ್ಯಾಸಂಸ್ಥೆಯಲ್ಲಿ ತರಗತಿಗೇ ಮೊದಲಿಗರಾಗಿ ಓದು ಮುಗಿಸಿದರೂ ರಾಂಡಾಲ್ಫರಿಗೆ ಫ್ಲೋರಿಡಾದಲ್ಲಿ ದೊರೆತುದು ಕೂಲಿ ಕೆಲಸಗಳೇ. 1911ರಲ್ಲಿ ಅವರು ನ್ಯೂಯಾರ್ಕಿಗೆ ಬಂದರು. ನಟನಾಗಬೇಕೆಂಬ ಆಸೆ ಇದ್ದಿತು. ಷೇಕ್ಸ್‌ಪಿಯರನ ನಾಟಕಗಳ ಮಾತುಗಳು ಅವರಿಗೆ ಕಂಠಪಾಠವಾಗಿದ್ದವು. ರಂಗಭೂಮಿ ಕೈಬಿಟ್ಟಿತು, ಕಂಠ ಮಾತ್ರ ಉಳಿಯಿತು. ಆ ಗಂಭೀರವಾದ ಕಂಠದಿಂದ ಅವರು ಹಾರ್ಲೆಮ್ಮಿನ ಬೀದಿಯ ಮೂಲೆಗಳಲ್ಲಿ ಹಲಗೆಪೆಟ್ಟಿಗೆಯ ಮೇಲೆ ನಿಂತು ಭಾಷಣ ಮಾಡಿದರು. ಗೆಳೆಯ ಚಾಂಡ್ಲರ್ ಓವೆನ್ ಅವರೊಡನೆ 1917ರಲ್ಲಿ ‘ಮೆಸೆಂಜರ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಪತ್ನಿ ಲೂಸಿಲ್ ಅವರು ಸ್ತ್ರೀಯರ ಕೇಶಾಲಂಕಾರದ ಮಳಿಗೆಯಿಂದ ಗಳಿಸುತ್ತಿದ್ದ ಹಣವೇ ಮನೆಗೂ ಪತ್ರಿಕೆಗೂ ಆಧಾರ.

1925ರ ಆಗಸ್ಟ್ 25ರ ರಾತ್ರಿ ಹಾರ್ಲೆಮ್ಮಿನ ಸಭಾಭವನವೊಂದರಲ್ಲಿ ಸುಮಾರು 500 ಜನ ಸೇರಿದರು. ಅವರ ನಡುವೆ ಕಂಪೆನಿಯ ಗೂಢಚಾರರೂ ಕುಳಿತಿದ್ದಾರೆಂಬುದು ಎಲ್ಲರಿಗೂ ತಿಳಿದಿದ್ದಿತು. ಯಾವ ಪೋರ್ಟರನೂ ಬಾಯಿ ತೆರೆಯಬಾರದೆಂದು ಹೇಳಿ, ಪ್ರಾರ್ಥನೆಯಿಂದ ಹಿಡಿದು ನಿರ್ಣಯದವರೆಗೆ ಎಲ್ಲವನ್ನೂ ರಾಂಡಾಲ್ಫರೇ ನಡೆಸಿದರು. ಹೀಗೆ ಸದಸ್ಯರು ಮೌನವಾಗಿದ್ದ ಸಭೆಯಲ್ಲಿ ‘ಶಯನಬೋಗಿ ಪೋರ್ಟರುಗಳ ಸೋದರ ಸಂಘ’ ಜನಿಸಿತು. ಬೋಗಿಗಳಲ್ಲಿ ದುಡಿಯುತ್ತಿದ್ದ ದಾಸಿಯರಿಗೂ ಅದರಲ್ಲಿ ಸ್ಥಾನವಿದ್ದಿತು. ಷಿಕಾಗೋದಲ್ಲಿ ಮಿಲ್ಟನ್ ವೆಬ್‌ಸ್ಟರ್, ಓಕ್‌ಲೆಂಡಿನಲ್ಲಿ ಸಿ. ಎಲ್. ಡೆಲ್ಲಮ್ಸ್ ಶಾಖೆಗಳನ್ನು ಕಟ್ಟಿದರು.

ಕಂಪೆನಿ ಸುಮ್ಮನಿರಲಿಲ್ಲ. ಸಂಘದ ಸಭೆಗೆ ಹೋದವರನ್ನು ನೂರುಗಟ್ಟಲೆಯಾಗಿ ಕೆಲಸದಿಂದ ತೆಗೆಯಿತು. ತನ್ನದೇ ಅಂಕೆಯ ಸಂಘವೊಂದನ್ನು ಎದುರಿಗೆ ನಿಲ್ಲಿಸಿತು. ಫಿಲಿಪೈನ್ ದ್ವೀಪಗಳ ಕೆಲಸಗಾರರನ್ನು ತಂದು ಕೆಲವು ಬೋಗಿಗಳಲ್ಲಿ ನೇಮಿಸಿ, ನೀವಿಲ್ಲದೆಯೂ ಗಾಡಿ ಓಡುತ್ತದೆ ಎಂದು ತೋರಿಸಿತು. ಜೊತೆಗೆ 1926ರಲ್ಲಿ ಪೋರ್ಟರನ ನಿಜವಾದ ಹೆಸರನ್ನು ಬರೆದ ಚೀಟಿಯನ್ನು ಬೋಗಿಯಲ್ಲಿ ತೂಗುಹಾಕಲು ಏರ್ಪಾಡು ಮಾಡಿತು! ಹೆಸರನ್ನು ಕೊಟ್ಟು ಹಕ್ಕನ್ನು ಮರೆಸುವ ಯೋಚನೆ ಇದಾಗಿದ್ದಿತೇನೋ. ಎಲ್ಲಕ್ಕಿಂತ ನೋವಿನ ವಿಷಯವೆಂದರೆ ಕಪ್ಪುಜನರ ಪತ್ರಿಕೆಗಳೂ ಚರ್ಚುಗಳೂ ಅನೇಕವು ಸಂಘವನ್ನು ವಿರೋಧಿಸಿದ್ದು. ಇಷ್ಟೊಂದು ಜನಕ್ಕೆ ಅನ್ನ ಕೊಟ್ಟ ಕಂಪೆನಿಯನ್ನು ಕೆಣಕಬಾರದೆಂಬುದು ಅವರ ಮಾತು. ಪೋರ್ಟರುಗಳು ಊರೂರಿಗೆ ಹೊತ್ತು ಹಂಚಿದ್ದ ‘ಡಿಫೆಂಡರ್’ ಪತ್ರಿಕೆ ಕೂಡ ಮೊದಲು ಎದುರು ಪಕ್ಷದಲ್ಲಿಯೇ ಇದ್ದಿತು. 1927ರಲ್ಲಿ ಮಾತ್ರ ಮನಸ್ಸು ಬದಲಾಯಿಸಿತು.

ಹೆದರಿದ ಗಂಡಸರ ಪರವಾಗಿ ಹೆಂಗಸರು ಕೆಲಸ ಮಾಡಿದ ಊರುಗಳೂ ಇದ್ದವು. ವಾಷಿಂಗ್‌ಟನ್ನಿನಲ್ಲಿ ರೊಸೀನಾ ಟಕರ್ ಎಂಬಾಕೆ ಪೋರ್ಟರುಗಳ ಮನೆಮನೆಗೆ ಹೋಗಿ ಸಂಘದ ಪತ್ರಗಳನ್ನು ಗುಟ್ಟಾಗಿ ಹಂಚಿ ಚಂದಾ ಎತ್ತುತ್ತಿದ್ದಳು. ಇದನ್ನು ಅರಿತ ಕಂಪೆನಿ ಪೋರ್ಟರನಾಗಿದ್ದ ಅವಳ ಗಂಡನನ್ನು ಕೆಲಸದಿಂದ ತೆಗೆಯಿತು. ಆಕೆ ನೇರವಾಗಿ ಬಿಳಿಯ ಮೇಲಧಿಕಾರಿಯ ಕಚೇರಿಗೆ ನುಗ್ಗಿದಳು. ತಾನು ಮಾಡುವ ಕೆಲಸಕ್ಕೂ ಗಂಡನ ನೌಕರಿಗೂ ಸಂಬಂಧವಿಲ್ಲವೆಂದು ಮೇಜು ಗುದ್ದಿ ಹೇಳಿದಳು. ಗಂಡನಿಗೆ ಕೆಲಸ ಮರಳಿ ದೊರೆಯಿತು.

ಎಲ್ಲ ಹೆಜ್ಜೆಗಳೂ ಗೆಲುವಿನ ಹೆಜ್ಜೆಗಳಾಗಿರಲಿಲ್ಲ. 1928ರಲ್ಲಿ ಆರು ಸಾವಿರಕ್ಕೂ ಹೆಚ್ಚು ಪೋರ್ಟರುಗಳು ಮುಷ್ಕರಕ್ಕೆ ಒಪ್ಪಿಗೆ ಕೊಟ್ಟರು. ಜೂನ್ 8 ಗೊತ್ತಾದ ದಿನ. ಸರ್ಕಾರ ಮಧ್ಯೆ ಪ್ರವೇಶಿಸಿ ಮಾತುಕತೆ ನಡೆಸೀತೆಂದು ಸಂಘ ನಂಬಿದ್ದಿತು, ಸರ್ಕಾರ ಅಲುಗಲಿಲ್ಲ. ಅವರ ಸ್ಥಾನಗಳಿಗೆ ಕಂಪೆನಿ ಬೇರೆ ಜನರನ್ನು ಸಿದ್ಧಪಡಿಸಿ ಇಟ್ಟುಕೊಂಡಿದ್ದಿತು. ಕೊನೆಯ ಗಳಿಗೆಯಲ್ಲಿ ರಾಂಡಾಲ್ಫ್ ಮುಷ್ಕರವನ್ನು ಹಿಂದಕ್ಕೆ ತೆಗೆದುಕೊಂಡರು. ಅದು ಹೇಡಿತನವೆಂದು ಹಲವರು ಹಳಿದರು. ಸಾವಿರಾರು ಸಂಸಾರಗಳನ್ನು ಬೀದಿಗೆ ತರದಿರುವುದೂ ನಾಯಕನ ಕರ್ತವ್ಯವೇ. ಆದರೆ ಆ ತೀರ್ಮಾನದ ಬೆಲೆ ದೊಡ್ಡದಾಯಿತು. ಸದಸ್ಯರು ಚಂದಾ ನಿಲ್ಲಿಸಿದರು. ಮರುವರ್ಷ ದೇಶಕ್ಕೆ ಆರ್ಥಿಕ ಮುಗ್ಗಟ್ಟು ಬಂದಿತು. 1933ರ ಹೊತ್ತಿಗೆ ಸದಸ್ಯರ ಸಂಖ್ಯೆ 658ಕ್ಕೆ ಇಳಿಯಿತು. ನ್ಯೂಯಾರ್ಕಿನ ಕಚೇರಿಯ ವಿದ್ಯುತ್ತನ್ನು ಕಡಿದರು. ಬಾಡಿಗೆ ಕೊಡಲಾಗದೆ ಸಂಘ ಕಟ್ಟಡವನ್ನೇ ಬಿಡಬೇಕಾಯಿತು. ಮಾಸಿದ ಸೂಟಿನಲ್ಲಿಯೇ ರಾಂಡಾಲ್ಫ್ ಊರೂರು ತಿರುಗಿದರು. ಅವರನ್ನು ಕೊಳ್ಳಲು ಯಾರೋ ದೊಡ್ಡ ಮೊತ್ತದ ಚೆಕ್ಕನ್ನು ಕಳುಹಿಸಿದರೆಂದೂ ಅದನ್ನು ಅವರು ಹಾಗೆಯೇ ಹಿಂದಿರುಗಿಸಿದರೆಂದೂ ಪೋರ್ಟರುಗಳು ಮುಂದೆ ತಮ್ಮ ಮಕ್ಕಳಿಗೆ ಕಥೆ ಹೇಳುತ್ತಿದ್ದರು.

1934ರಲ್ಲಿ ರೈಲು ಕಾರ್ಮಿಕರ ಕಾನೂನು ತಿದ್ದುಪಡಿಯಾಗಿ, ತಮ್ಮ ಸಂಘ ಯಾವುದೆಂದು ಮತದಿಂದ ನಿರ್ಧರಿಸುವ ಹಕ್ಕು ಪೋರ್ಟರುಗಳಿಗೂ ಬಂದಿತು. 1935ರ ಮತದಾನದಲ್ಲಿ ಸೋದರ ಸಂಘ ಕಂಪೆನಿಯ ಸಂಘವನ್ನು ಭಾರಿ ಅಂತರದಿಂದ ಸೋಲಿಸಿತು. ಅದೇ ವರ್ಷ ಅಮೆರಿಕದ ಕಾರ್ಮಿಕ ಮಹಾಮಂಡಲವು ಅದಕ್ಕೆ ಪೂರ್ಣ ಮಾನ್ಯತೆಯನ್ನು ನೀಡಿತು. ಮಾತುಕತೆ ಎರಡು ವರ್ಷ ಎಳೆಯಿತು. ಕೊನೆಗೆ 1937ರ ಆಗಸ್ಟ್ 25ರಂದು, ಹಾರ್ಲೆಮ್ಮಿನ ಆ ಮೌನದ ಸಭೆ ನಡೆದ ಹನ್ನೆರಡು ವರ್ಷಗಳಿಗೆ ಸರಿಯಾಗಿ, ಕಂಪೆನಿ ಒಪ್ಪಂದಕ್ಕೆ ಸಹಿ ಹಾಕಿತು. ತಿಂಗಳ ದುಡಿಮೆ 400 ಗಂಟೆಗಳಿಂದ 240 ಗಂಟೆಗಳಿಗೆ ಇಳಿಯಿತು. ಒಟ್ಟು ವೇತನಕ್ಕೆ ವರ್ಷಕ್ಕೆ ಹನ್ನೆರಡೂವರೆ ಲಕ್ಷ ಡಾಲರು ಸೇರಿತು. ಕಪ್ಪುಜನರ ಸಂಘವೊಂದು ಅಮೆರಿಕದ ದೊಡ್ಡ ಕಂಪೆನಿಯೊಂದರೊಡನೆ ಸರಿಸಮವಾಗಿ ಕುಳಿತು ಒಪ್ಪಂದ ಮಾಡಿಕೊಂಡದ್ದು ಅದೇ ಮೊದಲು.

ಸಂಘದ ಬಲ ರೈಲ್ವೆಯ ಹಳಿಗಳನ್ನು ದಾಟಿ ಹೊರಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳು ಹಗಲಿರುಳು ನಡೆಯತೊಡಗಿದವು. ಕಪ್ಪುಜನರಿಗೆ ಮಾತ್ರ ಅಲ್ಲಿ ಕಸ ಗುಡಿಸುವ ಕೆಲಸಕ್ಕಿಂತ ಮೇಲಿನದು ದುರ್ಲಭವಾಗಿದ್ದಿತು. ಸಾವಿರ ಸಾವಿರ ಜನರೊಡನೆ ರಾಜಧಾನಿಗೆ ನಡೆದುಬರುತ್ತೇವೆಂದು 1941ರಲ್ಲಿ ರಾಂಡಾಲ್ಫ್ ಸಾರಿದರು. ದಿನವೂ ಗೊತ್ತಾಯಿತು, ಜುಲೈ 1. ಸುದ್ದಿಯನ್ನು ದೇಶದ ಮೂಲೆಮೂಲೆಗೆ ಒಯ್ದವರು ಪೋರ್ಟರುಗಳು. ಅಧ್ಯಕ್ಷ ರೂಸ್‌ವೆಲ್ಟರು ಅವರನ್ನು ಕರೆಸಿಕೊಂಡು, ಎಷ್ಟು ಜನ ಬರುತ್ತಾರೆಂದು ಕೇಳಿದರು. ಒಂದು ಲಕ್ಷಕ್ಕೆ ಕಡಮೆ ಇಲ್ಲವೆಂದು ಉತ್ತರ ಬಂದಿತು. ಬರಿಯ ಭರವಸೆಗೆ ರಾಂಡಾಲ್ಫ್ ಒಪ್ಪಲಿಲ್ಲ. ಸಹಿ ಮಾಡಿದ ಆಜ್ಞೆಯೇ ಬೇಕೆಂದರು. ಜೂನ್ 25ರಂದು ಆಜ್ಞೆ ಹೊರಟಿತು: ರಕ್ಷಣಾ ಕಾರ್ಖಾನೆಗಳಲ್ಲಿಯೂ ಸರ್ಕಾರದ ಇಲಾಖೆಗಳಲ್ಲಿಯೂ ಜನಾಂಗದ ಕಾರಣದಿಂದ ಕೆಲಸ ನಿರಾಕರಿಸಕೂಡದು. ಮೆರವಣಿಗೆ ನಿಂತಿತು. ಭಾರತದಲ್ಲಿ ಗಾಂಧೀಜಿ ನಡೆಸುತ್ತಿದ್ದ ಸತ್ಯಾಗ್ರಹವನ್ನು ರಾಂಡಾಲ್ಫ್ ಆ ವರ್ಷಗಳಲ್ಲಿ ಆಸಕ್ತಿಯಿಂದ ಗಮನಿಸುತ್ತಿದ್ದರು; ಹಿಂಸೆಯಿಲ್ಲದ ಅಸಹಕಾರವನ್ನು ತಮ್ಮ ಜನರಿಗೂ ಸೂಚಿಸಿದರು. 1948ರಲ್ಲಿ ಅವರು ಮತ್ತೆ ಒತ್ತಾಯ ಹೇರಿದಾಗ ಅಧ್ಯಕ್ಷ ಟ್ರೂಮನ್ನರು ಸೈನ್ಯದಲ್ಲಿಯ ವರ್ಣಭೇದವನ್ನು ಕೊನೆಗಾಣಿಸುವ ಆಜ್ಞೆಗೆ ಸಹಿ ಹಾಕಿದರು.

ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿಯಲ್ಲಿ ಸಂಘದ ಶಾಖೆಗೆ ಇ. ಡಿ. ನಿಕ್ಸನ್ ಎಂಬ ಪೋರ್ಟರನು ಅಧ್ಯಕ್ಷನಾಗಿದ್ದನು. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯನಿಗೆ ಆಸನ ಬಿಟ್ಟುಕೊಡದಿದ್ದುದಕ್ಕಾಗಿ ರೋಸಾ ಪಾರ್ಕ್ಸ್ ಎಂಬ ಮಹಿಳೆಯನ್ನು ಬಂಧಿಸಿದಾಗ ಜಾಮೀನು ನೀಡಿ ಬಿಡಿಸಿದವನು ಅವನೇ. ಬಸ್ಸು ಬಹಿಷ್ಕಾರಕ್ಕಾಗಿ ಊರಿನ ಬೋಧಕರಿಗೆಲ್ಲ ದೂರವಾಣಿ ಮಾಡಿದನು. ಆ ಪಟ್ಟಿಯಲ್ಲಿ ಇಪ್ಪತ್ತಾರು ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಎಂಬ ಹೊಸ ಬೋಧಕರೂ ಒಬ್ಬರು. ಬೋಧಕರ ಮೊದಲ ಸಭೆಗೆ ಮಾತ್ರ ನಿಕ್ಸನ್ ಬರಲಾಗಲಿಲ್ಲ. ಅವನಿಗೆ ರೈಲಿನ ಕೆಲಸವಿದ್ದಿತು. ಬಹಿಷ್ಕಾರ 381 ದಿನ ನಡೆಯಿತು.

ಕಾರ್ಮಿಕ ಮಹಾಮಂಡಲದ ಒಳಗೆ ರಾಂಡಾಲ್ಫರ ಹೋರಾಟ ಅಷ್ಟು ಸುಲಭವಾಗಿ ಫಲಿಸಲಿಲ್ಲ. ಬಣ್ಣದ ಕಾರಣದಿಂದ ಸದಸ್ಯತ್ವ ನಿರಾಕರಿಸುವ ಸಂಘಗಳನ್ನು ಹೊರಹಾಕಬೇಕೆಂದು ಅವರು ವರ್ಷವರ್ಷವೂ ನಿರ್ಣಯ ತರುತ್ತಿದ್ದರು. ಮಹಾಸಭೆ ಅದನ್ನು ವರ್ಷವರ್ಷವೂ ತಳ್ಳಿಹಾಕುತ್ತಿದ್ದಿತು. 1959ರ ಸಭೆಯಲ್ಲಿ ಅಧ್ಯಕ್ಷ ಜಾರ್ಜ್ ಮೀನಿ ತಾಳ್ಮೆಗೆಟ್ಟು, ಕಪ್ಪುಜನರಿಗೆಲ್ಲ ಪೋಷಕನೆಂದು ತಮ್ಮನ್ನು ನೇಮಿಸಿದವರು ಯಾರೆಂದು ಗದರಿದರು. 1961ರಲ್ಲಿ ಮಂಡಲದ ಕಾರ್ಯಸಮಿತಿ ಅವರ ಮೇಲೆ ಖಂಡನೆಯನ್ನೂ ಹೊರಿಸಿತು. ರಾಂಡಾಲ್ಫ್ ಹೊರನಡೆಯಲಿಲ್ಲ, ಸುಮ್ಮನೂ ಇರಲಿಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ನಿಂತುಹೋಗಿದ್ದ ಮೆರವಣಿಗೆ 1963ರ ಆಗಸ್ಟ್ 28ರಂದು ಹೊರಟಿತು. ಅದರ ಹೆಸರಿನಲ್ಲಿ ಉದ್ಯೋಗವೂ ಸ್ವಾತಂತ್ರ್ಯವೂ ಸೇರಿದ್ದವು, ಉದ್ಯೋಗ ಮೊದಲು. ಮಹಾಮಂಡಲ ಅದಕ್ಕೆ ಬೆಂಬಲ ನೀಡಲಿಲ್ಲ. ಮೋಟಾರು ಕಾರ್ಮಿಕರ ಸಂಘದಂಥ ಕೆಲವು ಸಂಘಗಳು ತಾವಾಗಿ ಬಂದವು. ನಿರ್ದೇಶಕರು ಎಪ್ಪತ್ತನಾಲ್ಕು ವರ್ಷದ ರಾಂಡಾಲ್ಫ್. ಏರ್ಪಾಡುಗಳನ್ನೆಲ್ಲ ಹೊತ್ತವರು ಅವರ ಶಿಷ್ಯ ಬೇಯಾರ್ಡ್ ರಸ್ಟಿನ್. ಲೂಸಿಲ್ ಅವರು ಆ ದಿನವನ್ನು ಕಾಣಲಿಲ್ಲ. ಕೆಲವು ತಿಂಗಳುಗಳ ಹಿಂದೆ, ಏಪ್ರಿಲಿನಲ್ಲಿ, ತೀರಿಕೊಂಡಿದ್ದರು. ಲಿಂಕನ್ ಸ್ಮಾರಕದ ಮುಂದೆ ಸುಮಾರು ಎರಡೂವರೆ ಲಕ್ಷ ಜನ ಸೇರಿದರು. ಅಂದು ಕಿಂಗ್ ಅವರು ಮಾಡಿದ ಭಾಷಣವನ್ನು ಜಗತ್ತೆಲ್ಲ ಬಲ್ಲದು. ಸಭೆಯನ್ನು ತಮ್ಮ ಮಾತಿನಿಂದ ಆರಂಭಿಸಿದವರು ರಾಂಡಾಲ್ಫ್.

ಸಂಜೆಯಾಯಿತು. ಬಸ್ಸುಗಳೂ ವಿಶೇಷ ರೈಲುಗಳೂ ಜನರನ್ನು ಹೊತ್ತು ಊರುಗಳ ಕಡೆಗೆ ಹೊರಟವು. ಬಯಲಿನಲ್ಲಿ ಕಾಗದದ ಚೂರುಗಳು ಉಳಿದಿದ್ದವು. ರಸ್ಟಿನ್ ತಿರುಗಿ ನೋಡಿದಾಗ ರಾಂಡಾಲ್ಫ್ ಒಬ್ಬರೇ ನಿಂತು ಬರಿದಾದ ಬಯಲನ್ನು ನೋಡುತ್ತಿದ್ದರು. ರಸ್ಟಿನ್ ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕಿದರು. ಯಾರ ಎದುರಿಗೂ ಎದೆಗುಂದದ ಆ ವೃದ್ಧರ ಕೆನ್ನೆಗಳ ಮೇಲೆ ಕಣ್ಣೀರು ಇಳಿಯುತ್ತಿದ್ದಿತು.